ಹುದ್ದೆ ಇಲ್ಲದೆ ಕೆಲಸದ ರೀತಿ ಬದಲಿಸುವುದು ಹೇಗೆ? ವಾರ್ಡಿನಲ್ಲಿ ನಾನು ಕಲಿತದ್ದು

ನಾನು ಸ್ಟಾಫ್ ನರ್ಸ್. ಹದಿನಾಲ್ಕು ವರ್ಷದ ಸರ್ವೀಸ್, ಈಗಲೂ ಸ್ಟಾಫ್ ನರ್ಸೇ. ಇನ್‌ಚಾರ್ಜ್ ಅಲ್ಲ, ಸೂಪರಿಂಟೆಂಡೆಂಟ್ ಅಲ್ಲ, ಯಾರ ರಜಾ ಅರ್ಜಿಗೂ ಸಹಿ ಹಾಕುವ ಅಧಿಕಾರ ನನಗಿಲ್ಲ. ಆದರೂ ನಮ್ಮ ವಾರ್ಡಿನಲ್ಲಿ ಎಷ್ಟೋ ಕಾಲದಿಂದ ನಡೆದು ಬಂದ ಒಂದು ಪದ್ಧತಿ ಬದಲಾಯಿತು, ಅದು ನನ್ನಿಂದ ಶುರುವಾಯಿತು. ಹೇಗಾಯಿತು, ನಾನು ಎಲ್ಲಿ ಎಡವಿದೆ, ನೀವು ನಿಮ್ಮ ಆಫೀಸಿನಲ್ಲೋ ಬ್ಯಾಂಕಿನಲ್ಲೋ ಶಾಲೆಯಲ್ಲೋ ಇಂಥದ್ದನ್ನು ಮಾಡಬೇಕಾದರೆ ಎಲ್ಲಿಂದ ಹಿಡಿಯಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಡೆದದ್ದು ಹೇಳುತ್ತೇನೆ. ಬೆಳಿಗ್ಗೆ ಎಂಟು ಗಂಟೆ, ನೈಟ್ ಡ್ಯೂಟಿಯವರು ಹೋಗುವ, ನಾವು ಬರುವ ಹೊತ್ತು. ಡ್ಯೂಟಿ ರೂಮಿನ ಟೇಬಲ್ ಸುತ್ತ ನಿಂತು, ರಿಜಿಸ್ಟರ್ ಓದುತ್ತಾ ಹ್ಯಾಂಡ್‌ಓವರ್ ಕೊಡುವುದು, ಅಂದರೆ ಪೇಷಂಟ್‌ಗಳ ವಿವರ ಹೇಳಿ ಮುಂದಿನ ಪಾಳಿಯವರಿಗೆ ಒಪ್ಪಿಸುವುದು, ನಮ್ಮಲ್ಲಿ ರೂಢಿ. "ಬೆಡ್ ಏಳು, ಶುಗರ್ ಪೇಷಂಟ್, ಇನ್ಸುಲಿನ್ ಕೊಟ್ಟಾಗಿದೆ, ಆರಾಮಾಗಿದಾರೆ." ನಾನು ತಲೆಯಾಡಿಸಿ ಸಹಿ ಹಾಕಿದೆ. ಒಂಬತ್ತೂವರೆ ಹೊತ್ತಿಗೆ ಆಯಮ್ಮ ಓಡಿ ಬಂದರು. ಹೋಗಿ ನೋಡಿದರೆ ಏಳನೇ ಬೆಡ್ಡಿನ ಅಜ್ಜ ಬೆವರಿನಲ್ಲಿ ತೊಯ್ದು ಹೋಗಿದ್ದಾರೆ, ಕೈ ನಡುಗುತ್ತಿದೆ, ಕರೆದರೆ ಕಣ್ಣು ಬಿಡುತ್ತಾರೆ ಅಷ್ಟೇ. ಗ್ಲುಕೋಮೀಟರ್ 48 ತೋರಿಸಿತು, ರಕ್ತದ ಸಕ್ಕರೆ ತೀರಾ ಕೆಳಗೆ ಇಳಿದಿತ್ತು. ಡಾಕ್ಟರು ಬಂದರು, ನರಕ್ಕೆ ಡೆಕ್ಸ್ಟ್ರೋಸ್ (ಸಕ್ಕರೆ ದ್ರಾವಣ) ಹೋಯಿತು, ಸ್ವಲ್ಪ ಹೊತ್ತಿಗೆ ಅಜ್ಜ ಮಾತಾಡಿದರು. ಆಮೇಲೆ ನನ್ನ ಕಣ್ಣಿಗೆ ಬಿದ್ದದ್ದು ಪಕ್ಕದ ಸ್ಟೂಲಿನ ಮೇಲಿದ್ದ ಸ್ಟೀಲ್ ತಟ್ಟೆ. ಮೇಲೊಂದು ತಟ್ಟೆ ಮುಚ್ಚಿತ್ತು. ತೆಗೆದು ನೋಡಿದರೆ ಎರಡು ಇಡ್ಲಿ, ಮುಟ್ಟೇ ಇರಲಿಲ್ಲ. ಇನ್ಸುಲಿನ್ ತಗೊಂಡು ಊಟ ಮಾಡದಿದ್ದರೆ ಸಕ್ಕರೆ ಹೀಗೆ ಇಳಿದುಬಿಡುತ್ತದೆ. ಅವರ ಹೆಂಡತಿ ಹೇಳಿದರು: "ರಾತ್ರಿಯಿಂದ್ಲೂ ಊಟ ಬೇಡ ಅಂತಿದಾರಮ್ಮ. ಬೆಳಗಿನ ಜಾವ ಬಂದ ಸಿಸ್ಟರ್‌ಗೆ ಹೇಳಿದ್ದೆ."

ಟೇಬಲ್ ಹತ್ತಿರ ಸಹಿ ಹಾಕುವ ಬದಲು ಆ ಬೆಡ್ ತನಕ ಇಪ್ಪತ್ತು ಹೆಜ್ಜೆ ನಡೆದಿದ್ದರೆ ಆ ತಟ್ಟೆ ನನಗೆ ಎಂಟು ಗಂಟೆಗೇ ಕಾಣುತ್ತಿತ್ತು. ಹ್ಯಾಂಡ್‌ಓವರ್ ಬೆಡ್ ಪಕ್ಕದಲ್ಲೇ ಆಗಬೇಕು ಅಂತ ನನಗೆ ಹೊಳೆದದ್ದು ಅವತ್ತು.

ಆ ತಿಂಗಳ ಸ್ಟಾಫ್ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿಬಿಟ್ಟೆ: ನಮ್ಮ ಹ್ಯಾಂಡ್‌ಓವರ್ ಸರಿಯಿಲ್ಲ, ಹೀಗೇ ಆದರೆ ಒಂದು ದಿನ ಯಾರಾದರೂ ಸಾಯುತ್ತಾರೆ. ನಾನು ಆ ವಾರ್ಡಿಗೆ ಬಂದು ಆರು ತಿಂಗಳಾಗಿತ್ತು. ಯಾರೂ ಮಾತಾಡಲಿಲ್ಲ. ಹೊರಗೆ ಬರುವಾಗ ಒಬ್ಬ ಸೀನಿಯರ್ ಸಿಸ್ಟರ್, "ಹೊಸದಾಗಿ ಬಂದ ಅಗಸ ಗೋಣಿ ಎತ್ತೆತ್ತಿ ಒಗೆದ್ನಂತೆ" ಅಂದರು. ಅವತ್ತು ನೈಟ್ ಮಾಡಿದ್ದ ಹುಡುಗಿ ಮೂರು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾನು ಪದ್ಧತಿ ಬಗ್ಗೆ ಹೇಳಿದ್ದೆ. ಅವಳಿಗೆ ಕೇಳಿಸಿದ್ದು ತನ್ನ ಹೆಸರು. ಪದ್ಧತಿ ಅಂತೂ ಇದ್ದ ಹಾಗೇ ಇತ್ತು.

ನನ್ನ ಮಾತು ಸರಿ ಇತ್ತು. ಹೇಳಿದ ರೀತಿಯಲ್ಲಿ ಎಲ್ಲ ತಪ್ಪೂ ಇತ್ತು.

ಸರಿ ಇದ್ದರೆ ಸಾಲದು

ನರ್ಸಿಂಗ್ ಓದುವಾಗ ಕೈ ತೊಳೆಯುವ ಪಾಠದಲ್ಲಿ ಸೆಮೆಲ್‌ವೈಸ್ ಹೆಸರು ಬರುತ್ತದೆ. ಪರೀಕ್ಷೆಗೆ ಎರಡು ಸಾಲು ಬರೆದು ಮರೆಯುತ್ತೇವೆ. ಆ ಮೀಟಿಂಗ್ ಆದ ಮೇಲೆ ನಾನು ಅವರ ಕಥೆಯನ್ನು ಪೂರ್ತಿ ಓದಿದೆ.

ಇಗ್ನಾಜ್ ಸೆಮೆಲ್‌ವೈಸ್ ವಿಯೆನ್ನಾದ ದೊಡ್ಡ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಸಹಾಯಕ ವೈದ್ಯ. ಮುಖ್ಯಸ್ಥ ಬೇರೆಯವರು. ಅಲ್ಲಿ ಎರಡು ಹೆರಿಗೆ ವಾರ್ಡು. ಒಂದರಲ್ಲಿ ಡಾಕ್ಟರುಗಳು ಮತ್ತು ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಡಾಕ್ಟರುಗಳ ವಾರ್ಡಿನಲ್ಲಿ ಬಾಣಂತಿಯರು ಜ್ವರ ಬಂದು ಸಾಯುವುದು ತುಂಬ ಜಾಸ್ತಿ. ಕಾರಣ ಹುಡುಕುತ್ತಾ ಹೋದಾಗ ಅವರಿಗೆ ಹೊಳೆದದ್ದು, ವಿದ್ಯಾರ್ಥಿಗಳು ಹೆಣ ಕೊಯ್ಯುವ ಕೋಣೆಯಿಂದ ನೇರ ಹೆರಿಗೆ ಕೋಣೆಗೆ ಬರುತ್ತಾರೆ, ಕೈಗೆ ಅಂಟಿದ್ದು ಅಲ್ಲಿಂದ ಇಲ್ಲಿಗೆ ಬರುತ್ತಿದೆ ಅಂತ. 1847ರ ಮೇ ತಿಂಗಳಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕು ಅಂತ ನಿಯಮ ತಂದರು. ಏಪ್ರಿಲ್‌ನಲ್ಲಿ ನೂರಕ್ಕೆ 18 ಬಾಣಂತಿಯರು ಸತ್ತಿದ್ದರು, ಜೂನ್ ಹೊತ್ತಿಗೆ ಅದು ಸುಮಾರು 2ಕ್ಕೆ ಇಳಿಯಿತು.

ಇಂಥ ಅಂಕಿ ಕೈಯಲ್ಲಿದ್ದರೆ ಯಾರು ಬೇಡ ಅನ್ನುತ್ತಾರೆ ಅಂತ ನಮಗೆ ಅನಿಸುತ್ತದೆ, ಅಲ್ವಾ? ಬೇಡ ಅಂದರು. 1849ರಲ್ಲಿ ಅವರ ಹುದ್ದೆ ಮುಂದುವರಿಯಲಿಲ್ಲ. ಒಪ್ಪಿಕೊಂಡರೆ "ನಮ್ಮ ಕೈಯಿಂದಲೇ ತಾಯಂದಿರು ಸತ್ತರು" ಅಂತ ಡಾಕ್ಟರುಗಳು ಒಪ್ಪಿಕೊಂಡ ಹಾಗೆ. ಅದು ಸಣ್ಣ ಮಾತಲ್ಲ. ಸೆಮೆಲ್‌ವೈಸ್ ತಮ್ಮ ಪುಸ್ತಕ ಹೊರತಂದದ್ದು 1861ರಲ್ಲಿ, ಕೈ ತೊಳೆಸಲು ಶುರು ಮಾಡಿ ಹದಿನಾಲ್ಕು ವರ್ಷ ಆದ ಮೇಲೆ. ಅದಾದ ಮೇಲೆ ಎದುರಾಳಿಗಳಿಗೆ ಬಹಿರಂಗ ಪತ್ರ ಬರೆದು ಕೊಲೆಗಾರರು ಅಂತ ಕರೆದರು. 1865ರಲ್ಲಿ, 47ನೇ ವಯಸ್ಸಿಗೆ, ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರು ಹೇಳಿದ್ದೇ ಸರಿ ಅಂತ ಜಗತ್ತು ಒಪ್ಪಿದ್ದು ಆಮೇಲೆ.

ಇದನ್ನು ಓದಿದಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಅವರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಆದರೆ ನಾನು ಮೀಟಿಂಗಿನಲ್ಲಿ ಮಾಡಿದ್ದೂ ಅದನ್ನೇ. ಒಪ್ಪಿಕೊಂಡರೆ ತಪ್ಪಿತಸ್ಥರಾಗಬೇಕು ಅನ್ನುವ ಹಾಗೆ ಮಾತಿಟ್ಟರೆ ಎದುರಿನವರಿಗೆ ಬೇರೆ ದಾರಿಯೇ ಇರುವುದಿಲ್ಲ, ಬೇಡ ಅನ್ನಲೇಬೇಕು. ಹುದ್ದೆ ಇರುವವರು ಹೇಗೆ ಹೇಳಿದರೂ ಕೆಲಸ ನಡೆದೀತು. ನಮ್ಮಂಥವರು ಎದುರಿನವರ ಮುಖ ಉಳಿಸಿಕೊಂಡೇ ಮುಂದೆ ಹೋಗಬೇಕು.

ಶುರು ಮಾಡುವ ಮೊದಲು: ಈಗಿನ ಪದ್ಧತಿ ಯಾಕೆ ಹೀಗಿದೆ ಅಂತ ಕೇಳಿ

ಇದಕ್ಕೆ ಜಾಸ್ತಿ ಸಮಯ ಕೊಡಿ. ನಾನು ಎರಡನೇ ಸಲ ಕೈ ಹಾಕಿದಾಗ ಒಂದು ತಿಂಗಳು ಇದನ್ನೇ ಮಾಡಿದೆ.

ನಾನು ಅಂದುಕೊಂಡಿದ್ದು ನೈಟ್‌ನವರಿಗೆ ಸೋಮಾರಿತನ ಅಂತ. ಒಂದು ದಿನ ಕ್ಯಾಂಟೀನಿನಲ್ಲಿ ಒಬ್ಬ ಸಿಸ್ಟರ್ ಜೊತೆ ಕಾಫಿ ಕುಡಿಯುತ್ತಾ ಸುಮ್ನೆ ಕೇಳಿದೆ, "ಅಕ್ಕ, ಬೆಳಿಗ್ಗೆ ಹೊರಡೋಕೆ ಎಷ್ಟು ಗಂಟೆ ಆಗುತ್ತೆ ನಿಮಗೆ?" ಅವರು ಹೇಳಿದ್ದು ಕೇಳಿ ನನಗೆ ನಾಚಿಕೆ ಆಯಿತು. ಅವರ ಊರಿನ ಬಸ್ಸು ಎಂಟೂ ಇಪ್ಪತ್ತಕ್ಕೆ. ಅದು ತಪ್ಪಿದರೆ ಮುಂದಿನದು ಹತ್ತು ಗಂಟೆಗೆ. ಮನೆಯಲ್ಲಿ ಮಗುವನ್ನು ಸ್ಕೂಲಿಗೆ ಕಳಿಸಲು ಅತ್ತೆ ಒಬ್ಬರೇ. ಹನ್ನೆರಡು ಗಂಟೆ ನಿಂತು ಕೆಲಸ ಮಾಡಿದವರಿಗೆ ಮೂವತ್ತು ಬೆಡ್ ಸುತ್ತಿ ಬನ್ನಿ ಅಂದರೆ ಬಸ್ಸು ಹೋಯಿತು ಅಂತಲೇ ಅರ್ಥ.

ಇನ್‌ಚಾರ್ಜ್ ಸಿಸ್ಟರ್‌ಗೆ ಬೇರೆ ಕಾರಣ. ಎಂಟೂವರೆಗೆ ಡಾಕ್ಟರ್ ರೌಂಡ್ಸ್ ಶುರು. ಅಷ್ಟರೊಳಗೆ ಕೇಸ್ ಶೀಟ್, ಲ್ಯಾಬ್ ರಿಪೋರ್ಟ್ ಎಲ್ಲ ಜೋಡಿಸಿರಬೇಕು. ಒಂದು ರಿಪೋರ್ಟ್ ಸಿಗದಿದ್ದರೂ ಎಲ್ಲರ ಮುಂದೆ ಮಾತು ಕೇಳುವವರು ಅವರೇ. ಎಲ್ಲ ಸ್ಟಾಫ್ ಬೆಡ್‌ಗಳ ಹತ್ತಿರ ಹೋದರೆ ಟೇಬಲ್ ಹತ್ತಿರ ಯಾರಿರುತ್ತಾರೆ ಅನ್ನುವುದು ಅವರ ಭಯ.

ಎಷ್ಟು ಕೆಟ್ಟದಾಗಿ ಕಾಣುವ ಪದ್ಧತಿಯೂ ಯಾರದೋ ಒಂದು ಕಷ್ಟವನ್ನು ತಡೆದುಕೊಂಡು ನಿಂತಿರುತ್ತದೆ. ಬ್ಯಾಂಕಿನಲ್ಲಿ ಒಂದೇ ವಿಷಯವನ್ನು ಕಂಪ್ಯೂಟರಿನಲ್ಲೂ ಬರೆಯುತ್ತಾರೆ, ರಿಜಿಸ್ಟರಿನಲ್ಲೂ ಬರೆಯುತ್ತಾರೆ. ಹೊಸಬರಿಗೆ ಅದು ದಡ್ಡತನ ಅನಿಸಬಹುದು. ಹಿಂದೆ ಯಾವತ್ತೋ ಆಡಿಟ್‌ನಲ್ಲಿ ಪೆಟ್ಟು ತಿಂದಿದ್ದರಿಂದ ಆ ರಿಜಿಸ್ಟರ್ ಬಂದಿರುತ್ತದೆ. ಆ ಕಷ್ಟ ಏನು ಅಂತ ತಿಳಿಯದೆ ಪದ್ಧತಿ ಕೀಳಲು ಹೋಗಬೇಡಿ. ತಿಳಿಯಲು "ಇದು ಯಾಕೆ ಹೀಗೆ ಮಾಡ್ತೀರಿ" ಅಂತ ಕೇಳಬೇಡಿ, ಅದು ತಪ್ಪು ಹುಡುಕಿದ ಹಾಗೆ ಕೇಳಿಸುತ್ತದೆ. "ಇದು ಬಿಟ್ಟರೆ ನಿಮಗೆ ಏನು ತೊಂದರೆ ಆಗುತ್ತೆ" ಅಂತ ಕೇಳಿ. ಜನ ಮನಸ್ಸು ಬಿಚ್ಚಿ ಹೇಳುತ್ತಾರೆ.

ಕೇಳುವುದನ್ನು ಸಣ್ಣದು ಮಾಡಿ

ಮೊದಲ ಸಲ ನಾನು ಕೇಳಿದ್ದು "ಹ್ಯಾಂಡ್‌ಓವರ್ ಪದ್ಧತಿ ಬದಲಾಗಬೇಕು" ಅಂತ. ಎರಡನೇ ಸಲ ನನ್ನ ಮನಸ್ಸಿನಲ್ಲಿ ಇದ್ದದ್ದು ಇಷ್ಟು: ಡ್ರಿಪ್ ಓಡುತ್ತಿರುವವರು, ಇನ್ಸುಲಿನ್ ತಗೊಳ್ಳುವವರು, ಹಿಂದಿನ ದಿನ ಆಪರೇಷನ್ ಆದವರು. ಈ ಮೂರು ಥರದ ಪೇಷಂಟ್‌ಗಳ ಬೆಡ್ ಹತ್ತಿರ ಮಾತ್ರ ಇಬ್ಬರೂ ಹೋಗಿ ನೋಡುವುದು, ಉಳಿದದ್ದು ಟೇಬಲ್ ಹತ್ತಿರವೇ. ಮೂವತ್ತು ಬೆಡ್ಡಿನಲ್ಲಿ ಅಂಥವರು ಏಳೋ ಎಂಟೋ ಇರುತ್ತಾರೆ. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷವನ್ನು ನೈಟ್‌ನವರ ಬಸ್ಸಿನಿಂದ ಕದಿಯಬಾರದು ಅಂತ ನಾನು ಏಳೂ ಐವತ್ತಕ್ಕೇ ಬರಲು ಶುರು ಮಾಡಿದೆ.

ಮುಂಚೆ ಬರುವುದು ನನಗೆ ಖರ್ಚು, ಅವರಿಗೆ ಏನೂ ಖರ್ಚಿಲ್ಲ. ಮೊದಲ ಖರ್ಚು ನಿಮ್ಮ ಜೇಬಿನಿಂದಲೇ ಹೋಗಲಿ. ಇನ್ನೊಬ್ಬರ ಸಮಯದಲ್ಲಿ ಬದಲಾವಣೆ ಮಾಡಲು ಹೊರಟವರನ್ನು ಯಾರೂ ನಂಬುವುದಿಲ್ಲ. ಆದರೆ ಇದನ್ನು ಕೊನೆತನಕ ನೀವೊಬ್ಬರೇ ಭರಿಸಬೇಡಿ, ಮೂರೋ ನಾಲ್ಕೋ ವಾರ ಸಾಕು. ಸಂಬಳ ಇಲ್ಲದ ಹೆಚ್ಚುವರಿ ಹೊತ್ತು ರೂಢಿಯಾಗಿಬಿಟ್ಟರೆ ನಾಳೆ ಅದನ್ನು ಎಲ್ಲರಿಂದಲೂ ಕೇಳುತ್ತಾರೆ, ಆಗ ಅನ್ಯಾಯ ಮಾಡಿದವರು ನೀವೇ ಆಗುತ್ತೀರಿ. ನಮ್ಮಲ್ಲಿ ಪದ್ಧತಿ ನಿಂತ ಮೇಲೆ ಡೇ ಡ್ಯೂಟಿ ಸಮಯವನ್ನೇ ಏಳೂಮುಕ್ಕಾಲರಿಂದ ಒಂದೂಮುಕ್ಕಾಲಿಗೆ ಬದಲಿಸಿಕೊಂಡೆವು.

ನಿಮ್ಮ ಪಾಳಿಯಲ್ಲಿ ಮೊದಲು ಮಾಡಿ, ಯಾರಿಗೂ ಹೇಳಬೇಡಿ

ಎಷ್ಟೇ ಕೆಳಗಿನ ಹುದ್ದೆಯಾದರೂ ಒಂದಿಷ್ಟು ಜಾಗ ನಿಮ್ಮ ಕೈಯಲ್ಲೇ ಇರುತ್ತದೆ. ನನ್ನ ಡ್ಯೂಟಿ, ನನಗೆ ಕೊಟ್ಟ ಬೆಡ್‌ಗಳು. ಅಲ್ಲಿ ನಾನು ಹೇಗೆ ಹ್ಯಾಂಡ್‌ಓವರ್ ತಗೋಬೇಕು ಅನ್ನುವುದಕ್ಕೆ ಯಾರ ಅನುಮತಿಯೂ ಬೇಡ. "ಅಕ್ಕ, ಎರಡು ನಿಮಿಷ, ಈ ಕ್ಯಾನುಲಾ ಒಂದ್ಸಲ ನೋಡ್ಕೊಂಡು ಹೋಗಿಬಿಡೋಣ" ಅಂತ ಕರೆದರೆ ಬರುತ್ತಿದ್ದರು (ಕ್ಯಾನುಲಾ ಅಂದರೆ ಡ್ರಿಪ್ ಹಾಕಲು ನರಕ್ಕೆ ಚುಚ್ಚಿಡುವ ಸಣ್ಣ ಕೊಳವೆ). ಬರದಿದ್ದರೆ ನಾನೊಬ್ಬಳೇ ಹೋಗುತ್ತಿದ್ದೆ.

ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟೆ. ಬೆಡ್ ಹತ್ತಿರ ಹೋಗಿದ್ದರಿಂದ ಏನು ಸಿಕ್ಕಿತು ಅಂತ ದಿನಾ ಒಂದೆರಡು ಸಾಲು. ಕೈ ಊದಿದೆ, ಡ್ರಿಪ್ ಒಳಗೆ ಹೋಗುತ್ತಿಲ್ಲ. ರಾತ್ರಿ ಮಾತ್ರೆ ಮೇಜಿನ ಮೇಲೇ ಇದೆ. ಯೂರಿನ್ ಬ್ಯಾಗ್ ತುಂಬಿದೆ. ಅಲರ್ಜಿ ಇದೆ ಅಂತ ಮಗಳು ಹೇಳಿದಳು, ಶೀಟಿನಲ್ಲಿ ಬರೆದಿಲ್ಲ. ತಾರೀಕು, ಬೆಡ್ ನಂಬರ್, ಏನು, ಅಷ್ಟೇ. ಯಾರ ಡ್ಯೂಟಿಯಲ್ಲಿ ಅಂತ ಬರೆಯಲಿಲ್ಲ. ಪೇಷಂಟ್ ಹೆಸರನ್ನೂ ಬರೆಯಲಿಲ್ಲ. ಯಾರ ಡ್ಯೂಟಿ ಅನ್ನುವ ಕಾಲಂ ಇದ್ದಿದ್ದರೆ ಆ ನೋಟ್‌ಬುಕ್ಕು ಚಾಡಿ ಪುಸ್ತಕ ಆಗುತ್ತಿತ್ತು. ಅದು ಇಲ್ಲದ್ದರಿಂದಲೇ ಮುಂದೆ ಅದನ್ನು ಯಾರಿಗೆ ಬೇಕಾದರೂ ತೋರಿಸಲು ಆಯಿತು.

ಒಂದು ವಿಷಯ ನಾನು ಎಣಿಸಿರಲಿಲ್ಲ. ನೈಟ್‌ನವರಿಗೆ ಡ್ಯೂಟಿ ಮುಗಿಸಿ ಹೋದ ಮೇಲೆ ಫೋನ್ ಹೋಗುವುದು ನಿಂತಿತು. ಮೊದಲೆಲ್ಲ ಬಸ್ಸಿನಲ್ಲಿ ಇರುವಾಗ "ಸಿಸ್ಟರ್, ಬೆಡ್ ಹನ್ನೆರಡಕ್ಕೆ ಆಂಟಿಬಯಾಟಿಕ್ ಕೊಟ್ರಾ?" ಅಂತ ಫೋನ್ ಹೋಗುತ್ತಿತ್ತು, ಮನೆಗೆ ಹೋಗಿ ಮಲಗಿದವರನ್ನೂ ಎಬ್ಬಿಸುತ್ತಿದ್ದೆವು. ನನ್ನ ಬೆಡ್‌ಗಳ ವಿಷಯದಲ್ಲಿ ಅದು ಬೇಕಾಗಲಿಲ್ಲ. ಮೂರನೇ ವಾರ ಆ ಬಸ್ಸಿನ ಅಕ್ಕನೇ ಬಂದು, "ನಿಂಗೆ ಕೊಟ್ಟು ಹೋದ್ರೆ ನೆಮ್ಮದಿಯಾಗಿ ನಿದ್ದೆ ಬರುತ್ತೆ ಕಣೇ" ಅಂದರು. ಪೇಷಂಟ್ ಸುರಕ್ಷತೆ ಅಂತ ನಾನು ಎಷ್ಟು ಭಾಷಣ ಮಾಡಿದ್ದರೂ ಈ ಮಾತು ಬರುತ್ತಿರಲಿಲ್ಲ.

ಎಲ್ಲರೂ ಯಾರ ಮಾತು ಕೇಳುತ್ತಾರೆ, ಅವರ ಹತ್ತಿರ ಹೋಗಿ

ಪ್ರತಿ ಆಫೀಸಿನಲ್ಲೂ ಎರಡು ಪಟ್ಟಿ ಇರುತ್ತದೆ. ಒಂದು ಗೋಡೆಗೆ ಹಾಕಿದ್ದು, ಯಾರ ಮೇಲೆ ಯಾರು ಅಂತ. ಇನ್ನೊಂದು ಜನರ ತಲೆಯಲ್ಲಿ ಇರುವುದು: ಅನುಮಾನ ಬಂದಾಗ ಯಾರನ್ನು ಕೇಳುತ್ತಾರೆ, ಯಾರು ಸುಮ್ಮನಿದ್ದರೆ ಉಳಿದವರೂ ಸುಮ್ಮನಿರುತ್ತಾರೆ. ನಿಮಗೆ ಬೇಕಾದದ್ದು ಎರಡನೆಯದು.

ನಮ್ಮ ವಾರ್ಡಿನಲ್ಲಿ ಅದು ನನಗೆ ಅಗಸನ ಗಾದೆ ಹೇಳಿದ ಅದೇ ಸೀನಿಯರ್ ಸಿಸ್ಟರ್. ಸಿಗದ ನರ ಸಿಗಬೇಕಾದರೆ ಅವರೇ ಬೇಕು, ಹೊಸ ಡಾಕ್ಟರೂ ಅವರನ್ನೇ ಕರೆಯುತ್ತಾರೆ. ಅವರು ಒಪ್ಪದೆ ಏನೂ ನಡೆಯುವುದಿಲ್ಲ ಅಂತ ಗೊತ್ತಿತ್ತು. ನೋಟ್‌ಬುಕ್ ತಗೊಂಡು ಹೋಗಿ ಅವರನ್ನು ಒಪ್ಪಿಸಲು ನೋಡಲಿಲ್ಲ. "ಸಿಸ್ಟರ್, ನಾನು ಮೂರು ವಾರದಿಂದ ಹೀಗೆ ಮಾಡ್ತಿದೀನಿ. ಇದು ಎಲ್ಲಿ ಕೆಡುತ್ತೆ, ನೀವೇ ಹೇಳಿ" ಅಂದೆ. ಅವರು ನೋಟ್‌ಬುಕ್ಕನ್ನು ಕನ್ನಡಕ ಏರಿಸಿ ಓದಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಬೆಡ್ ಹತ್ತಿರ ನಿಂತು ಎಚ್‌ಐವಿ ಪೇಷಂಟ್ ವಿಷಯ ಹೇಗೆ ಹೇಳ್ತೀಯ? ಪಕ್ಕದ ಬೆಡ್‌ನೋರು ಕೇಳಿಸ್ಕೊಳಲ್ವಾ?"

ನನಗೆ ಹೊಳೆದೇ ಇರಲಿಲ್ಲ. ಎಷ್ಟು ದೊಡ್ಡ ಮಾತು ಅದು! ಗುಟ್ಟಾಗಿ ಇಡಬೇಕಾದ ವಿಷಯವೆಲ್ಲ ಟೇಬಲ್ ಹತ್ತಿರವೇ ಹೇಳುವುದು, ಬೆಡ್ ಹತ್ತಿರ ಕಣ್ಣಿಗೆ ಕಾಣುವುದನ್ನು ಮಾತ್ರ ನೋಡುವುದು ಅಂತ ಅಲ್ಲೇ ತೀರ್ಮಾನ ಮಾಡಿದೆವು. ಆ ನಿಯಮ ಅವರದ್ದು. ಮುಂದೆ ಯಾರಾದರೂ ಆಕ್ಷೇಪ ಎತ್ತಿದಾಗ ಉತ್ತರ ಕೊಟ್ಟವರೂ ಅವರೇ. ನಿಮ್ಮ ಯೋಜನೆಯಲ್ಲಿ ತಪ್ಪು ಹುಡುಕಿಕೊಟ್ಟವರಿಗೆ ಅದರಲ್ಲಿ ಒಂದು ಪಾಲು ಬಂದುಬಿಡುತ್ತದೆ. ಅದನ್ನು ಮನಸಾರೆ ಕೊಡಿ.

ಆಯಮ್ಮಂದಿರನ್ನು ಬಿಡಬೇಡಿ. ನಿಮ್ಮಲ್ಲಿ ಅದು ಆಫೀಸ್ ಬಾಯ್ ಇರಬಹುದು, ಸೆಕ್ಯೂರಿಟಿ ಅಣ್ಣ ಇರಬಹುದು, ಡೇಟಾ ಎಂಟ್ರಿ ಮಾಡುವ ಗುತ್ತಿಗೆ ಹುಡುಗ ಇರಬಹುದು. ಏಳನೇ ಬೆಡ್ಡಿನ ಅಜ್ಜನನ್ನು ಮೊದಲು ನೋಡಿದ್ದು ಆಯಮ್ಮ. ಯಾರು ಊಟ ಮಾಡಿಲ್ಲ ಅಂತ ಅವರಿಗೆ ಗೊತ್ತಿದ್ದಷ್ಟು ನಮಗೆ ಯಾರಿಗೂ ಗೊತ್ತಿರುವುದಿಲ್ಲ, ಅವರನ್ನು ಕೇಳುವವರೂ ಇರುವುದಿಲ್ಲ.

ಮೇಲಿನವರ ಹತ್ತಿರ ಮಾತು

ಇಲ್ಲಿ ಎಷ್ಟೋ ಒಳ್ಳೆಯ ಕೆಲಸ ಕೆಡುತ್ತದೆ. ಕೆಲವು ವಿಷಯ ನೇರವಾಗಿ ಹೇಳುತ್ತೇನೆ.

ರೌಂಡ್ಸ್ ಸಮಯದಲ್ಲಿ, ತಿಂಗಳ ಕೊನೆಯಲ್ಲಿ, ಡ್ಯೂಟಿ ರೋಸ್ಟರ್ ಹಾಕುವ ದಿನ ಹೋಗಬೇಡಿ. ಅವರು ಸ್ವಲ್ಪ ಆರಾಮಾಗಿ ಕೂತಿರುವ ಹೊತ್ತು ನಿಮಗೆ ಗೊತ್ತೇ ಇರುತ್ತದೆ. ಒಂದು ಹಾಳೆ ಸಾಕು, ಅದರಲ್ಲೂ ಅರ್ಧ ಖಾಲಿ ಇರಲಿ. ವಾಟ್ಸಾಪ್ ಗ್ರೂಪಿನಲ್ಲಿ ಹಾಕಲೇಬೇಡಿ, ಯಾಕೆಂದರೆ ಎಲ್ಲರ ಮುಂದೆ ಬಂದ ಸಲಹೆಗೆ ಮೇಲಿನವರು ಅಲ್ಲೇ ಉತ್ತರ ಕೊಡಬೇಕಾಗುತ್ತದೆ, ಯೋಚನೆ ಮಾಡಲು ಸಮಯ ಇಲ್ಲದಾಗ ಯಾರಾದರೂ ಸುಲಭವಾಗಿ ಕೊಡುವ ಉತ್ತರ "ನೋಡೋಣ". ಆ ನೋಡೋಣ ಅಲ್ಲೇ ಸಾಯುತ್ತದೆ.

ನಾನು ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೇಳಿದ್ದು ಹೆಚ್ಚೂ ಕಡಿಮೆ ಹೀಗೆ: "ಸಿಸ್ಟರ್, ರೌಂಡ್ಸ್‌ನಲ್ಲಿ ಡಾಕ್ಟರ್ ಕೇಳಿದಾಗ ನಮಗೆ ಉತ್ತರ ಸಿಗದೇ ಇರೋದು ಜಾಸ್ತಿ ಆಗ್ತಿದೆ, ಮಾತು ಕೇಳೋರು ನೀವು. ನನ್ನ ಬೆಡ್‌ಗಳಲ್ಲಿ ಒಂದು ತಿಂಗಳಿಂದ ಹೀಗೆ ಮಾಡಿದೀನಿ, ಇದು ಪಟ್ಟಿ. ಎರಡು ವಾರ ಇಡೀ ವಾರ್ಡಿನಲ್ಲಿ ಮಾಡಿ ನೋಡೋಣ್ವಾ? ಟೇಬಲ್ ಹತ್ತಿರ ಒಬ್ಬರು ಇದ್ದೇ ಇರ್ತಾರೆ. ಬೇಡ ಅನಿಸಿದ್ರೆ ಅವತ್ತೇ ನಿಲ್ಲಿಸಿಬಿಡೋಣ."

ಮೊದಲ ಮಾತು ಅವರ ಕಷ್ಟದ್ದು, ನನ್ನ ಬೇಸರದ್ದಲ್ಲ. ಅವರ ಭಯಕ್ಕೆ ಉತ್ತರ ಅವರು ಕೇಳುವ ಮೊದಲೇ ಇದೆ. ಕೇಳಿದ್ದು ಎರಡು ವಾರ ಮಾತ್ರ, ಅದನ್ನು ನಿಲ್ಲಿಸುವ ಅಧಿಕಾರ ಅವರ ಕೈಯಲ್ಲಿ. ಮೇಲಿನವರಿಗೆ ಹೊಸದಕ್ಕಿಂತ ಜಾಸ್ತಿ ಹೆದರಿಕೆ ಇರುವುದು ಹಿಂದೆ ತಗೊಳ್ಳಲಾಗದ್ದಕ್ಕೆ.

ಜೊತೆಗೆ, ಅವರಿಗೆ ಮೇಲಿನಿಂದ ಏನು ಒತ್ತಡ ಇದೆ ನೋಡಿ. ನಮಗೆ ಆಗ ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡುವ ಮಂಡಳಿ) ಮಾನ್ಯತೆಗೆ ತಯಾರಿ ನಡೆಯುತ್ತಿತ್ತು. ಪೇಷಂಟ್ ಮಾಹಿತಿ ಒಂದು ಪಾಳಿಯಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ ಅಂತ ಆ ಮಂಡಳಿಯವರು ಕೇಳೇ ಕೇಳುತ್ತಾರೆ. ಸೂಪರಿಂಟೆಂಡೆಂಟ್ ಮೇಡಂಗೆ ತೋರಿಸಲು ಏನಾದರೂ ಬೇಕಿತ್ತು. ನಮ್ಮ ಎರಡು ವಾರದ ಪಟ್ಟಿ ಅವರಿಗೆ ಅನುಕೂಲವಾಯಿತು. ಮುಂದಿನ ಮೀಟಿಂಗಿನಲ್ಲಿ ಇನ್‌ಚಾರ್ಜ್ ಸಿಸ್ಟರ್ ಅದನ್ನು ತಮ್ಮ ವಾರ್ಡಿನ ಹೊಸ ಕ್ರಮ ಅಂತ ಹೇಳಿದರು, ನನ್ನ ಹೆಸರು ಬರಲಿಲ್ಲ. ಬೇಜಾರಾಯಿತಾ ಅಂದರೆ ಒಂದು ರಾತ್ರಿ ಆಯಿತು. ಆದರೆ ಅವರು ಹಾಗೆ ಹೇಳಿದ್ದರಿಂದಲೇ ಅದನ್ನು ಕಾಪಾಡುವ ಹೊಣೆಯೂ ಅವರ ಮೇಲೆ ಹೋಯಿತು. ಅಪ್ರೈಸಲ್ ಬಂದಾಗ ನಾನು ಮಾಡಿದ್ದನ್ನು ನಾನು ಬರೆದೆ, ಬರೆಯಲೇಬೇಕು, ಅದರಲ್ಲಿ ಸಂಕೋಚ ಬೇಡ.

ಮೀಟಿಂಗಿಗೆ ಮೊದಲು ಒಬ್ಬೊಬ್ಬರ ಹತ್ತಿರವೂ ಎರಡು ನಿಮಿಷ ಮಾತಾಡಿಕೊಳ್ಳಿ. ಮೀಟಿಂಗಿನಲ್ಲಿ ಯಾರೂ ಮೊದಲ ಸಲ ಕೇಳಿದ ಹಾಗೆ ಆಗಬಾರದು. ಅಲ್ಲಿ ಚಿಕ್ಕವರು ಬಾಯಿ ಬಿಡಬೇಕು ಅಂದರೆ ಮೊದಲೇ ಅವರಿಗೊಂದು ಮಾತಿನ ಅವಕಾಶ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ ಥಿಯೇಟರಿಗೆ ಅಂತ ತಂದ ಚೆಕ್‌ಲಿಸ್ಟಿನಲ್ಲಿ ಒಂದು ಅಂಶ ಇದೆ, ಕತ್ತರಿಸುವ ಮೊದಲು ತಂಡದ ಎಲ್ಲರೂ ತಮ್ಮ ಹೆಸರು ಮತ್ತು ಕೆಲಸ ಹೇಳಿಕೊಳ್ಳಬೇಕು. ನೋಡಲು ಸುಮ್ನೆ ಶಾಸ್ತ್ರ ಅನಿಸುತ್ತದೆ. ಆದರೆ ಒಂದು ಸಲ ಬಾಯಿ ತೆರೆದವರಿಗೆ ಎರಡನೇ ಸಲ "ಸರ್, ಒಂದು ನಿಮಿಷ" ಅನ್ನುವುದು ಅಷ್ಟು ಕಷ್ಟ ಆಗುವುದಿಲ್ಲ. ನಮ್ಮ ಮೀಟಿಂಗಿನಲ್ಲಿ ಹೊಸ ಹುಡುಗಿಯರಿಂದಲೇ ಮೊದಲು ಒಂದೊಂದು ಅನುಭವ ಹೇಳಿಸಿದೆವು.

ಹೊಸ ದಾರಿಯೇ ಸುಲಭದ ದಾರಿ ಆಗಲಿ

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಪೀಟರ್ ಪ್ರೊನೊವೊಸ್ಟ್ ಅನ್ನುವ ವೈದ್ಯರು 2001ರ ಸುಮಾರಿಗೆ ಐಸಿಯು ಸೋಂಕು ಕಡಿಮೆ ಮಾಡಲು ಐದೇ ಅಂಶದ ಪಟ್ಟಿ ಮಾಡಿದರು. ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಹಾಕುವಾಗ ಕೈ ತೊಳೆಯುವುದು, ಚರ್ಮ ಶುಚಿ ಮಾಡುವುದು, ಪೂರ್ತಿ ಹೊದಿಕೆ ಹಾಕುವುದು, ಇಂಥವು. ಯಾವ ಡಾಕ್ಟರಿಗೂ ಗೊತ್ತಿಲ್ಲದ ವಿಷಯ ಅದರಲ್ಲಿ ಒಂದೂ ಇಲ್ಲ. ನನಗೆ ಅದರಲ್ಲಿ ಹಿಡಿಸಿದ್ದು ಪಟ್ಟಿಗಿಂತ ಗಾಡಿ. ಅಲ್ಲಿಯ ತನಕ ಬೇಕಾದ ಸಾಮಾನು ಎಂಟು ಜಾಗದಲ್ಲಿ ಚದುರಿತ್ತು. ಎಲ್ಲವನ್ನೂ ಒಂದೇ ತಳ್ಳುಗಾಡಿಯಲ್ಲಿ ಇಟ್ಟರು. ಡಾಕ್ಟರು ಒಂದು ಹೆಜ್ಜೆ ಬಿಟ್ಟರೆ ನರ್ಸ್ ಅಲ್ಲೇ ತಡೆಯಬಹುದು ಅಂತ ಆಡಳಿತದಿಂದ ಒಪ್ಪಿಗೆಯನ್ನೂ ಪಡೆದರು. ಆಮೇಲೆ ಮಿಷಿಗನ್ ರಾಜ್ಯದ 103 ಐಸಿಯುಗಳಲ್ಲಿ ಇದನ್ನೇ ಮಾಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು, ಸೋಂಕು ಬಹಳ ಇಳಿದಿತ್ತು. ಸೆಮೆಲ್‌ವೈಸ್ ಹೇಳಿದ್ದೂ ಕೈ ತೊಳೆಯಿರಿ ಅಂತ, ಇವರ ಪಟ್ಟಿಯಲ್ಲಿ ಮೊದಲನೆಯದೂ ಅದೇ. ಇವರು ಬೈಯುವ ಬದಲು ಗಾಡಿ ತಂದು ನಿಲ್ಲಿಸಿದರು.

ನಮ್ಮಲ್ಲಿ ಗಾಡಿ ಇರಲಿಲ್ಲ. ರಿಜಿಸ್ಟರಿನಲ್ಲಿ ಹೊಸ ಕಾಲಂ ಎಳೆಯಲು ಯಾರಿಗೂ ಸಮಯ ಇಲ್ಲ ಅಂತ ಗೊತ್ತಾದಾಗ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿದೆ. ನಾಲ್ಕು ಚೌಕ: ಕ್ಯಾನುಲಾ, ಊಟ, ಔಷಧಿ, ನೋವು. ಬೆಡ್ ಹತ್ತಿರ ನಿಂತು ನಾಲ್ಕು ಟಿಕ್. "ಊಟ" ಅನ್ನುವ ಚೌಕ ಆ ಅಜ್ಜನಿಗಾಗಿ ಹಾಕಿಸಿದ್ದು. ನಿಮ್ಮ ಕೆಲಸದಲ್ಲಿ ಈ ಸ್ಟ್ಯಾಂಪ್ ಏನು ಅಂತ ಯೋಚಿಸಿ. ಹಳೆಯ ದಾರಿಗಿಂತ ಹೊಸ ದಾರಿಯಲ್ಲಿ ಬರೆಯುವುದು, ಹುಡುಕುವುದು, ನಡೆಯುವುದು ಜಾಸ್ತಿ ಆದರೆ ಎಷ್ಟೇ ಒಳ್ಳೆಯವರಾದರೂ ಎರಡು ತಿಂಗಳಲ್ಲಿ ಬಿಟ್ಟುಬಿಡುತ್ತಾರೆ.

ಬೇಡ ಅಂದರೆ

"ಈಗ ಬೇಡ" ಬೇರೆ, "ಬೇಡ" ಬೇರೆ. ಈಗ ಬೇಡ ಅಂದರೆ ಯಾವಾಗ ಕೇಳಲಿ ಅಂತ ಕೇಳಿ, ಆ ತಾರೀಕು ಬರೆದಿಟ್ಟುಕೊಳ್ಳಿ, ನಿಮ್ಮ ಪಾಳಿಯಲ್ಲಿ ಮಾಡುವುದನ್ನು ನಿಲ್ಲಿಸಬೇಡಿ. ಬೇಡವೇ ಬೇಡ ಅಂದರೆ, ಏನಾದರೆ ಒಪ್ಪುತ್ತೀರಿ ಅಂತ ಒಂದು ಸಲ ಕೇಳಿ ನೋಡಿ.

ಆದರೆ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಈ ನಯದ ದಾರಿ ಎಲ್ಲದಕ್ಕೂ ಅಲ್ಲ. ಪೇಷಂಟ್‌ಗೆ ಈಗಲೇ ಅಪಾಯ ಇದ್ದರೆ ಯಾರ ಮುಖವನ್ನೂ ನೋಡಬೇಡಿ, ಅಲ್ಲೇ ತಡೆಯಿರಿ, ಇನ್ಸಿಡೆಂಟ್ ಫಾರಂ ತುಂಬಿ, ಬರವಣಿಗೆಯಲ್ಲಿ ಕೊಡಿ. ಲೈಂಗಿಕ ಕಿರುಕುಳ ಆದರೆ ಅದು ಮನವೊಲಿಸುವ ವಿಷಯವೇ ಅಲ್ಲ. 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು, ದೂರು ಕೊಡುವುದು ನಿಮ್ಮ ಹಕ್ಕು. ಸಂಬಳ ತಡೆ ಹಿಡಿದರೂ ಅಷ್ಟೇ. ಹಕ್ಕಿನ ವಿಷಯವನ್ನು ಕಾಫಿ ಕುಡಿಯುತ್ತಾ ಬೇಡಿಕೊಳ್ಳಬೇಡಿ.

ನೀವು ರಜೆ ಹಾಕಿದಾಗ ಏನಾಗುತ್ತದೆ

ಬದಲಾವಣೆ ಬೇರು ಬಿಟ್ಟಿದೆಯಾ ಅಂತ ತಿಳಿಯಲು ಇದೇ ಪರೀಕ್ಷೆ. ತಂಗಿ ಮದುವೆಗೆ ಹದಿನೈದು ದಿನ ರಜೆ ಹಾಕಿ ಬಂದಾಗ ರಿಜಿಸ್ಟರ್ ತೆಗೆದು ನೋಡಿದೆ. ಮೊದಲ ವಾರ ಸ್ಟ್ಯಾಂಪ್ ಇದೆ, ಟಿಕ್ ಇದೆ. ಎರಡನೇ ವಾರ ಸ್ಟ್ಯಾಂಪ್ ಇದೆ, ನಾಲ್ಕೂ ಟಿಕ್ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಎಳೆದದ್ದು. ಟೇಬಲ್ ಹತ್ತಿರ ಕೂತು ಹಾಕಿದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು.

ಯಾರನ್ನೂ ಕೇಳಲಿಲ್ಲ. ಬೆಡ್ ಹತ್ತಿರ ಕರೆದುಕೊಂಡು ಹೋಗುವ ಕೆಲಸವನ್ನು ಹೊಸದಾಗಿ ಸೇರಿದ ಹುಡುಗಿಗೆ ಕೊಡೋಣ ಅಂತ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿದೆ. ಅವಳಿಗೆ ಹಳೆಯ ಪದ್ಧತಿ ಗೊತ್ತೇ ಇಲ್ಲ, ಹಾಗಾಗಿ ವಾಪಸ್ ಹೋಗಲು ಅವಳಿಗೆ ಜಾಗವೇ ಇಲ್ಲ. ಸ್ಟ್ಯಾಂಪನ್ನು ಅವಳ ಜೇಬಿಗೆ ಹಾಕಿದೆ. ಒಂದು ತಿಂಗಳಲ್ಲಿ ಮತ್ತೆ ಸರಿಯಾಯಿತು.

ಮಧ್ಯಾಹ್ನದ ಹ್ಯಾಂಡ್‌ಓವರ್ ಮಾತ್ರ ಇನ್ನೂ ಟೇಬಲ್ ಹತ್ತಿರವೇ ನಡೆಯುತ್ತಿದೆ. ಆ ಹೊತ್ತಿಗೆ ನೋಡಲು ಬಂದ ನೆಂಟರು ತುಂಬಿರುತ್ತಾರೆ, ಒಂದೊಂದು ಬೆಡ್ ಸುತ್ತ ನಾಲ್ಕು ಜನ, ಟಿಫಿನ್ ಕ್ಯಾರಿಯರ್, ಅಳುವ ಮಕ್ಕಳು. ನೆಂಟರ ಸಮಯ ಬದಲಿಸಿ ಅಂತ ಕೇಳಲು ನನ್ನ ಮನಸ್ಸು ತುಡಿಯುತ್ತದೆ. ಆದರೆ ಹಳ್ಳಿಯಿಂದ ಬರುವವರಿಗೆ ಮಧ್ಯಾಹ್ನದ ಬಸ್ಸು ಬಿಟ್ಟರೆ ಬೇರೆ ಬಸ್ಸು ಇದೆಯಾ ಅಂತ ನನಗಿನ್ನೂ ಗೊತ್ತಿಲ್ಲ. ಈ ವಾರ ಗೇಟಿನ ಸೆಕ್ಯೂರಿಟಿ ಅಣ್ಣನ ಹತ್ತಿರ ಕೂತು ಅದನ್ನೇ ಕೇಳುತ್ತಿದ್ದೇನೆ.